ಕೊನೇ ಪಂಕ್ತಿಯ ಹೋಳಿಗೆ

1939ರ ಮಾರ್ಚ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕ ಮತ್ತು ಇಂಗ್ಲೆಂಡ್ ಒಂದು ಟೆಸ್ಟ್ ಪಂದ್ಯ ಆಡಿದವು. ಇಷ್ಟೇ ದಿನ ಅಂತ ಗಡುವಿರಲಿಲ್ಲ. ಯಾರಾದರೂ ಗೆಲ್ಲುವವರೆಗೆ ಆಡುವುದು ಅಂತ ಮಾತಾಗಿತ್ತು. ಹತ್ತನೇ ದಿನ ಇಂಗ್ಲೆಂಡಿಗೆ ಇನ್ನು ಬರೀ 42 ರನ್ ಬೇಕಿತ್ತು, ಐದು ವಿಕೆಟ್ ಕೈಲಿದ್ದವು. ಅಷ್ಟರಲ್ಲಿ ಮಳೆ ಬಂತು. ಊರಿಗೆ ಹೋಗುವ ಹಡಗು ಕೇಪ್‌ಟೌನಿನಿಂದ ಹೊರಡುವುದಿತ್ತು, ಅದಕ್ಕೆ ಮೊದಲು ರೈಲು ಹಿಡಿಯಬೇಕಿತ್ತು. ಡ್ರಾ ಅಂತ ಹೇಳಿ ಗಂಟುಮೂಟೆ ಕಟ್ಟಿದರು.

ನಮ್ಮ ಮನೆಗಳ ವಾದಗಳೂ ಹೆಚ್ಚುಕಡಿಮೆ ಹೀಗೇ ನಿಲ್ಲುವುದು. ಯಾರೂ ಗೆದ್ದಿರುವುದಿಲ್ಲ, ಕೊನೇ ಬಸ್ಸಿಗೆ ಹೊತ್ತಾಗಿರುತ್ತದೆ, ಅಷ್ಟೇ. ತೊಂದರೆ ಏನಂದರೆ ಡರ್ಬನ್ನಿನವರು ಆ ಪಂದ್ಯವನ್ನು ಅಲ್ಲಿಗೇ ಬಿಟ್ಟರು. ನಮ್ಮವರು ಮುಂದಿನ ಹಬ್ಬಕ್ಕೆ ಬಂದವರೇ ಚಪ್ಪಲಿ ಬಿಡುತ್ತಾ ಬಿಟ್ಟ ಮಾತಿನಿಂದಲೇ ಶುರು ಮಾಡುತ್ತಾರೆ.

ಹಾಗಾದರೆ ಹಳೇ ವಾದ ಮುಗಿಯಿತು ಅಂತ ಯಾವಾಗ ಹೇಳಬೇಕು? ಕೋರ್ಟಿಗೆ ಈ ಪ್ರಶ್ನೆ ಬಂದಾಗ ಅದು ಕ್ಯಾಲೆಂಡರ್ ನೋಡುತ್ತದೆ. 1963ರ ಲಿಮಿಟೇಷನ್ ಕಾಯ್ದೆಯಲ್ಲಿ ಒಂದೊಂದು ತಂಟೆಗೂ ಒಂದೊಂದು ಗಡುವು ಇದೆ. ಕೊಟ್ಟ ಸಾಲದ ದಾವೆಗೆ ಮೂರು ವರ್ಷ. ಮನೆ, ಜಮೀನಿನ ಸ್ವಾಧೀನಕ್ಕೆ ಹನ್ನೆರಡು. ಮಾನಹಾನಿಗೆ ಪರಿಹಾರ ಕೇಳುವುದಿದ್ದರೆ ಒಂದೇ ವರ್ಷ. ಅಂದರೆ ಕಾನೂನಿನ ಲೆಕ್ಕದಲ್ಲಿ ಭೂಮಿ ಜಾಸ್ತಿ ದಿನ ಬಾಳುತ್ತದೆ, ದುಡ್ಡು ಅದಕ್ಕಿಂತ ಕಡಿಮೆ, ಆಡಿದ ಮಾತು ಎಲ್ಲಕ್ಕಿಂತ ಬೇಗ ಸಾಯುತ್ತದೆ. ಈ ಕಾಯ್ದೆ ಬರೆದವರು ಯಾವ ಮದುವೆ ಮನೆಯಲ್ಲಿ ಊಟ ಮಾಡಿದವರೋ ಗೊತ್ತಿಲ್ಲ. ನಾನು ನೋಡಿದ ಕುಟುಂಬಗಳಲ್ಲೆಲ್ಲ ಲೆಕ್ಕ ತಲೆಕೆಳಗು. ಸಾಲ ಮರೆತವರಿದ್ದಾರೆ, ಅರ್ಧ ಗುಂಟೆ ಬಿಟ್ಟುಕೊಟ್ಟವರೂ ಇದ್ದಾರೆ. "ನಿಮ್ಮ ಕಡೆಯವರು ಕಾಫಿ ಬೇಕಾ ಅಂತ ಸಹ ಕೇಳಲಿಲ್ಲ" ಅನ್ನುವ ಮಾತಿಗೆ ಮಾತ್ರ ಲಿಮಿಟೇಷನ್ ಇಲ್ಲ.

ವರ್ಷ ಎಣಿಸಿ ವಾದ ಮುಗಿಸುವುದರಲ್ಲಿ ಇನ್ನೊಂದು ಎಡವಟ್ಟು ಇದೆ. "ಮೂವತ್ತು ವರ್ಷದ ಹಿಂದಿನದು, ಈಗ್ಯಾಕೆ ಬಿಡಿ" ಅನ್ನುವವರು ಯಾರು ಅಂತ ಗಮನಿಸಿ. ಸಾಮಾನ್ಯವಾಗಿ ಸೋಲುತ್ತಿರುವವರೇ.

ನನಗೆ ಚೆಸ್ ಆಟದ ನಿಯಮ ಜಾಸ್ತಿ ಹಿಡಿಸುತ್ತದೆ. ಅಲ್ಲಿ ಆಟ ಎಷ್ಟು ಹಳೆಯದಾಯಿತು ಅಂತ ನೋಡುವುದಿಲ್ಲ, ಹೊಸದೇನಾದರೂ ಆಯಿತಾ ಅಂತ ನೋಡುತ್ತಾರೆ. ಇಬ್ಬರೂ ಐವತ್ತೈವತ್ತು ನಡೆ ನಡೆಸಿ, ಅಷ್ಟರಲ್ಲಿ ಒಂದು ಕಾಯಿಯೂ ಹೊಡೆದಿಲ್ಲ, ಒಂದು ಪಾನ್ (ಕಾಲಾಳು) ಕೂಡ ಕದಲಿಲ್ಲ ಅಂದರೆ ಡ್ರಾ ಕೇಳಬಹುದು. ಪಾನ್ ಒಂದು ಹೆಜ್ಜೆ ಇಟ್ಟರೂ ಸಾಕು, ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಯಾಕೆಂದರೆ ಪಾನ್ ಹಿಂದಕ್ಕೆ ಬರಲಾರದು, ಹೊಡೆದ ಕಾಯಿಯನ್ನೂ ವಾಪಸ್ ಇಡುವಂತಿಲ್ಲ. ಆನೆ, ಒಂಟೆ, ಕುದುರೆಗಳು ಎಷ್ಟು ಓಡಾಡಿದರೂ ಬಂದ ದಾರಿಗೆ ಹೋಗಬಹುದು, ಹಾಗಾಗಿ ಅವುಗಳ ಓಡಾಟ ಲೆಕ್ಕಕ್ಕಿಲ್ಲ. ಇನ್ನೊಂದು ನಿಯಮವೂ ಇದೆ. ಅದೇ ಸ್ಥಿತಿ ಮಣೆಯ ಮೇಲೆ ಮೂರು ಸಲ ಬಂದರೆ ಆಡುವವರು ಡ್ರಾ ಕೇಳಬಹುದು. ಕೇಳದಿದ್ದರೆ ಆಟ ಮುಂದುವರಿಯುತ್ತದೆ. ಐದು ಸಲ ಬಂದರೆ ಯಾರೂ ಕೇಳುವುದು ಬೇಡ, ಅರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರ, ತಾನೇ ಬಂದು ನಿಲ್ಲಿಸುತ್ತಾನೆ.

ಇದನ್ನು ನಮ್ಮ ಮನೆಯ ಒಂದು ವಾದಕ್ಕೆ ಹಚ್ಚಿ ನೋಡಿದ್ದೇನೆ. ಚಿಕ್ಕಮ್ಮನ ಮದುವೆಯಲ್ಲಿ ಕೊನೇ ಪಂಕ್ತಿಗೆ ಹೋಳಿಗೆ ಬಂತಾ, ಇಲ್ವಾ? ಹೆಣ್ಣಿನ ಕಡೆಯ ಸೋದರಮಾವ ಬಂತು ಅನ್ನುತ್ತಾರೆ. ಚಿಕ್ಕಪ್ಪನ ಅಣ್ಣ, ಅವರನ್ನು ನಾವು ದೊಡ್ಡಪ್ಪ ಅನ್ನುತ್ತೇವೆ, ಬರಲಿಲ್ಲ, ಬರೀ ಪಾಯಸದಲ್ಲಿ ತೇಲಿಸಿದಿರಿ ಅನ್ನುತ್ತಾರೆ. ಆ ಮದುವೆಯಾದಾಗ ನಾನು ಹುಟ್ಟಿರಲಿಲ್ಲ. ಆದರೂ ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆ ಅಂತ ಬಾಯಿಪಾಠ ಇದೆ. "ಭಾವ, ನಾನೇ ಕೈಯಾರೆ ಬಡಿಸಿದ್ದೀನಿ." "ನಮ್ಮ ಎಲೆಗೆ ಬಡಿಸಿದಿರೋ, ನಿಮ್ಮ ಎಲೆಗೋ?" ಮೂರು ಸಲವೇನು, ಮೂವತ್ತು ಸಲ ಇದೇ ಸ್ಥಿತಿ ಬಂದಿದೆ. ಇಬ್ಬರಲ್ಲಿ ಒಬ್ಬರೂ ಡ್ರಾ ಕೇಳುವವರಲ್ಲ. ಅರ್ಬಿಟರ್ ಅಂದರೆ ಅಜ್ಜಿ. "ಎಲೆ ಹಾಕಿದೆ, ಕೈ ತೊಳ್ಕೊಳ್ಳಿ" ಅಂದರೆ ಆ ದಿನದ ಮಟ್ಟಿಗೆ ಮುಗಿಯಿತು.

ಒಮ್ಮೆ ದೊಡ್ಡಪ್ಪನ ಮನೆಯಲ್ಲಿ ಗೃಹಪ್ರವೇಶ. ಊಟ ಚೆನ್ನಾಗಿತ್ತು. ಅದೇ ಖುಷಿಯಲ್ಲಿ ಸೋದರಮಾವ, "ಹೋಗ್ಲಿ ಬಿಡಿ ಭಾವ, ಎಲ್ಲೋ ನಾಲ್ಕು ಎಲೆಗೆ ತಪ್ಪಿರಬಹುದು" ಅಂದುಬಿಟ್ಟರು. ರಾಜಿಯಾಯಿತು ಅಂತ ನಾವೆಲ್ಲ ಅಂದುಕೊಂಡೆವು. ಅದೇ ಲಿಮಿಟೇಷನ್ ಕಾಯ್ದೆ ಪ್ರಕಾರ ಸಾಲದ ವಿಷಯದಲ್ಲಿ, ಗಡುವಿನೊಳಗೆ ಸಾಲಗಾರ ಹೌದು ಅಂತ ಬರೆದು ಸಹಿ ಹಾಕಿದರೆ, ಅವತ್ತಿನಿಂದ ಗಡುವು ಹೊಸದಾಗಿ ಶುರುವಾಗುತ್ತದೆ. ಕೋರ್ಟಿಗಾದರೆ ಕಾಗದ ಬೇಕು. ನಮ್ಮ ದೊಡ್ಡಪ್ಪನಿಗೆ ಬಾಯಿಮಾತು ಸಾಕಾಯಿತು. "ನಾಲ್ಕು ಎಲೆ ಅಂತ ಅವರೇ ಒಪ್ಪಿದ್ದಾರೆ" ಅಂತ ಅವತ್ತಿನಿಂದ ಹೊಸ ಹುರುಪು.

ಈಚೆಗೆ ಅಟ್ಟ ಗುಡಿಸುವಾಗ ಆ ಮದುವೆಯ ಸಾಮಾನಿನ ಪಟ್ಟಿ ಸಿಕ್ಕಿದೆ. ಅರ್ಧ ಇಲಿ ತಿಂದಿದೆ. ಆದರೆ "ಕಡಲೆಬೇಳೆ 12 ಕೆ.ಜಿ." ಅನ್ನುವ ಸಾಲು ಉಳಿದಿದೆ. ಇದು ನಿಜವಾದ ಪಾನ್ ನಡೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹೊಸ ಸಂಗತಿ ಒಂದು ಬಂದಿದೆ. ಹಾಗಾಗಿ ನಿಲ್ಲಿಸಿ ಅನ್ನಲು ನನಗೇ ಮನಸ್ಸಿಲ್ಲ. ಸೋದರಮಾವನ ಪ್ರಕಾರ ಒಂದು ಕೆ.ಜಿ. ಬೇಳೆಗೆ ಐವತ್ತು ಹೋಳಿಗೆ ಆಗುತ್ತದೆ, ಎಲ್ಲರಿಗೂ ಬಡಿಸಿ ಮಿಕ್ಕುತ್ತದೆ. ದೊಡ್ಡಪ್ಪ ಮೂವತ್ತು ಅನ್ನುತ್ತಾರೆ. "ಐವತ್ತು ಮಾಡಿದ್ರೆ ಅದು ಹೋಳಿಗೆ ಅಲ್ಲ, ಹಪ್ಪಳ." ಅಜ್ಜಿಯನ್ನು ಕೇಳಿದರೆ, ಹೂರಣ ತಿಂದವರು ಎಷ್ಟು ಜನ ಅಂತ ಮೊದಲು ಹೇಳಿ ಅನ್ನುತ್ತಾರೆ. ಕೆ.ಜಿ.ಗೆ ನಲವತ್ತು ಹೋಳಿಗೆ ಅಂತ ನನ್ನ ಲೆಕ್ಕ. ದಸರೆಗೆ ಇಬ್ಬರೂ ಬರುತ್ತಾರೆ, ಒಂದು ಕೆ.ಜಿ. ಬೇಳೆ ಬೇಯಿಸಿ ನೋಡೋಣ ಅಂತ ಚಿಕ್ಕಮ್ಮನಿಗೆ ಹೇಳಿಟ್ಟಿದ್ದೇನೆ.