ತೂತಿನ ಕಾಸೂ ನಡೆಯುವ ಊರು

ಹೋದ ತಿಂಗಳು ಹೊಸ ಪರ್ಸ್ ಕೊಂಡೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿದರು. ತಮ್ಮ ಜೇಬಿನಿಂದ ಒಂದು ಐದು ಯೆನ್ ನಾಣ್ಯ ತೆಗೆದು ಅದರೊಳಗೆ ಹಾಕಿಕೊಟ್ಟರು. ಖಾಲಿ ಇರಬಾರದಂತೆ. ಟೋಕಿಯೊಗೆ ಬಂದು ಆರು ವರ್ಷವಾಯಿತು, ನಮ್ಮಮ್ಮನ ಥರ ಮಾತಾಡಿದವರು ಇಲ್ಲಿ ಸಿಕ್ಕಿದ್ದು ಇದೇ ಮೊದಲು.

ನಮ್ಮ ಲೆಕ್ಕದಲ್ಲಿ ಅದು ಸುಮಾರು ಮೂರು ರೂಪಾಯಿ. ಹಿತ್ತಾಳೆಯದು, ನಡುವೆ ತೂತು. ಐದು ಯೆನ್‌ಗೆ ಇವರು 'ಗೊ-ಎನ್' ಅನ್ನುತ್ತಾರೆ. ನಂಟು, ಋಣಾನುಬಂಧ ಅನ್ನೋದಕ್ಕೂ ಬಾಯಲ್ಲಿ ಅದೇ 'ಗೊ-ಎನ್'. ಅಷ್ಟು ಸಾಕಲ್ವಾ? ದೇವಸ್ಥಾನದ ಕಾಣಿಕೆ ಪೆಟ್ಟಿಗೆಗೆ ಹಾಕಲು ಪರ್ಸೆಲ್ಲ ತಡಕಾಡಿ ಇದನ್ನೇ ತೆಗೆಯುತ್ತಾರೆ. ಹತ್ತು ಯೆನ್ ಇದರ ಎರಡರಷ್ಟು, ಆದರೂ ಕೆಲವರು ಹಾಕುವುದಿಲ್ಲ. ಅದನ್ನು 'ತೊ-ಎನ್' ಅಂತ ಓದಿದರೆ ನಂಟು ದೂರವಾದ ಹಾಗೆ ಕೇಳುತ್ತದಂತೆ.

ಈ ನಾಣ್ಯ ಹುಟ್ಟಿದ್ದು 1948ರಲ್ಲಿ, ಯುದ್ಧ ಸೋತ ದೇಶದಲ್ಲಿ. ಆಗ ತೂತಿರಲಿಲ್ಲ, 1949ರಲ್ಲಿ ಬಂತು. ಮೇಲೆ ಬಾಗಿದ ಭತ್ತದ ತೆನೆ, ಕೆಳಗೆ ನೀರಿನ ಗೆರೆಗಳು, ತೂತಿನ ಸುತ್ತ ಹಲ್ಲಿನ ಗಾಲಿ. ಬೇಸಾಯ, ಮೀನುಗಾರಿಕೆ, ಕಾರ್ಖಾನೆ, ಮೂರೂ ಅಷ್ಟರಲ್ಲೇ. ಇಲ್ಲಿ ಈಗ ಚಲಾವಣೆಗೆ ಬರುವ ನಾಣ್ಯಗಳಲ್ಲಿ 5, 10 ಅಂತ ಅಂಕಿ ಇಲ್ಲದ್ದು ಇದೊಂದೇ. ಅಕ್ಷರ ಬಾರದ ನಾನು ಮೊದಲ ವಾರವೆಲ್ಲ ಅಂಗಡಿಯಲ್ಲಿ ಕೈ ಚಾಚಿ, ನೀವೇ ಆರಿಸಿಕೊಳ್ಳಿ ಅನ್ನುವ ಹಾಗೆ ನಿಲ್ಲುತ್ತಿದ್ದೆ.

ತೂತಿನ ಕಾಸು ನಮಗೇನು ಹೊಸದಲ್ಲ. 1943ರಿಂದ 1947ರವರೆಗೆ ನಮ್ಮಲ್ಲೂ ತೂತಿನ ಒಂದು ಪೈಸೆ ಹೊಡೆದಿದ್ದರು. ಅಜ್ಜಿಯ ಬೀಗದ ಕೈ ಗೊಂಚಲಿನಲ್ಲಿ ಅಂಥದ್ದೊಂದು ಜೋತಾಡುತ್ತಿತ್ತು. ನಾನು ಅದನ್ನು ವಾಷರ್ ಅಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ, 'ಇದು ನಡೆಯಲ್ಲ ಸಾರ್' ಅಂದ. ರಿಸರ್ವ್ ಬ್ಯಾಂಕಿನವರು ನಡೆಯುತ್ತೆ ಅಂತ ಎಷ್ಟು ಸಲ ಹೇಳಿದ್ದಾರೆ ಅಂದೆ. 'ಅವರ ಹತ್ರಾನೇ ನಡೆಸಿ' ಅಂದ. ನೋಟು ಕೊಟ್ಟೆ. ಎರಡು ರೂಪಾಯಿ ಚಿಲ್ಲರೆ ಬದಲು ಎರಡು ಚಾಕ್ಲೇಟು ಬಂತು. ನಾಲ್ಕಾಣೆಯನ್ನು ಸರ್ಕಾರ 2011ರ ಜೂನ್‌ನಲ್ಲಿ ನಿಲ್ಲಿಸಿತು, ಸರಿ. ಎಂಟಾಣೆಯನ್ನು ಯಾರೂ ನಿಲ್ಲಿಸಿಲ್ಲ, ನಾವೇ ಸುಮ್ನೆ ಕೊಂದು ಹಾಕಿದೆವು. ತಮ್ಮ ನಗುತ್ತಿದ್ದ: 'ಚಿಲ್ಲರೆಗೆ ಯಾಕೆ ಜಗಳ, ಸ್ಕ್ಯಾನ್ ಮಾಡು.' ಒಂದು ಯೆನ್‌ ಬಾಕಿಯನ್ನೂ ತಟ್ಟೆಯಲ್ಲಿಟ್ಟು ಕೊಡುವ ಊರಿನಿಂದ ಹೋದವನಿಗೆ ಮೈ ಉರಿಯದೆ ಇರುತ್ತಾ?

ಆದರೆ, ಹೇಳಲೇಬೇಕು. ಅದೇ ಅಂಗಡಿಯಲ್ಲಿ ಮುಯ್ಯಿ ಕವರ್ ನೇತುಹಾಕಿದ್ದರು. ಒಂದೊಂದರ ಮೇಲೂ ಒಂದು ರೂಪಾಯಿ ಅಂಟಿಸಿತ್ತು. ನಡೆಯದ ಚಿಲ್ಲರೆ ಅಲ್ಲಿ ನಡೆಯುತ್ತದೆ. ಆ ಒಂದಿಲ್ಲದೆ ಬರೀ ಐನೂರು ಕೊಟ್ಟರೆ ಅಮ್ಮ ಒಪ್ಪುತ್ತಾಳಾ? ನನಗೆ ಹದಿನೈದು ದಿನ ಜ್ವರ ಬಿಡದಿದ್ದಾಗ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದೂ ಒಂದು ರೂಪಾಯಿಯನ್ನೇ. ಇನ್ನು ಇಲ್ಲಿಯವರ ಪ್ರೀತಿಗೂ ಲೆಕ್ಕ ಇದೆ. 2022ರ ಜನವರಿಯಿಂದ ಇಲ್ಲಿಯ ಅಂಚೆ ಬ್ಯಾಂಕು ರಾಶಿ ಚಿಲ್ಲರೆ ಜಮಾ ಮಾಡಲು ಶುಲ್ಕ ಕೇಳುತ್ತಿದೆ. ಭಕ್ತರು ಹಾಕಿದ ಐದು ಯೆನ್ ದೇವಸ್ಥಾನದವರಿಗೇ ಹೊರೆ.

ಪರ್ಸಿನ ನಾಣ್ಯದ ಫೋಟೊ ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

'ಅಜ್ಜಿ ಗೊಂಚಲಲ್ಲಿ ಇತ್ತಲ್ಲೋ, ಹಂಗೇ ಇದೆ. ಅಲ್ಲಿ ನಡೆಯುತ್ತಾ ಇದು?'