ವಸೂಲಾಗದ ಬಾಕಿ

ಬ್ರಿಟನ್ನಿನ ಮಾಜಿ ಪ್ರಧಾನಿ ಲಿಜ್ ಟ್ರಸ್ ಅಮ್ಮನವರ ವಕೀಲರು ಆಗ ಪ್ರಧಾನಿಯಾಗಿದ್ದ ಕೀರ್ ಸ್ಟಾರ್ಮರ್‌ಗೆ ನೋಟಿಸು ಕಳಿಸಿದ್ದು 2025ರ ಜನವರಿಯಲ್ಲಿ. ಹಳೇ ಸುದ್ದಿ. ಆದರೂ ಊಟದ ನಡುವೆ ನೆನಪಾದರೆ ಈಗಲೂ ನೆತ್ತಿಗೆ ಹತ್ತುತ್ತದೆ. ನಮ್ಮ ಕಕ್ಷಿದಾರರು ದೇಶದ ಅರ್ಥವ್ಯವಸ್ಥೆಯನ್ನು ಕೆಡವಿದರು ಅಂತ ಹೇಳಿಕೊಂಡು ತಿರುಗಬೇಡಿ, ಅವರಿಗೆ ಮಾನಹಾನಿಯಾಗುತ್ತಿದೆ ಎಂಬುದು ಅದರ ತಾತ್ಪರ್ಯ. ಮಾಜಿಯಿಂದ ಹಾಲಿಗೆ ವಕೀಲರ ನೋಟಿಸು! ಬದು ಒತ್ತಿದ ಜಗಳದಲ್ಲಿ ನಮ್ಮ ಅಣ್ಣತಮ್ಮಂದಿರು ಕೊಡುವ ಹಾಗೆ.

ಅಮ್ಮನವರಿಗೆ ಅನ್ಯಾಯ ಆಗಿರುವುದು ನಿಜವೇ. ನಮ್ಮಲ್ಲಿ ಮಂಡಲ ವ್ರತ ಹಿಡಿದವರು 48 ದಿನ ಈರುಳ್ಳಿ ಬಿಡುತ್ತಾರೆ. ಇವರು ಅದಕ್ಕಿಂತ ಒಂದು ದಿನ ಜಾಸ್ತಿ ದೇಶ ಆಳಿದರು. ಅದರಲ್ಲೂ ರಾಣಿ ಎಲಿಜಬೆತ್ ತೀರಿಕೊಂಡು ಸೂತಕಕ್ಕೇ ಹತ್ತು ದಿನ ಹೋಯಿತು. ಉಳಿದಷ್ಟರಲ್ಲೇ ಮಿನಿ ಬಜೆಟ್ ತಂದು, ದುಡ್ಡು ಎಲ್ಲಿಂದ ಅಂತ ಹೇಳದೆ 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿ, ಮೂರೇ ದಿನಕ್ಕೆ ಪೌಂಡನ್ನು ಡಾಲರಿನೆದುರು ಹಿಂದೆಂದೂ ಇಲ್ಲದಷ್ಟು ಕೆಳಗಿಳಿಸಿ, ಹಣಕಾಸು ಸಚಿವರನ್ನು ಮನೆಗೆ ಕಳಿಸಿ, ಕೊನೆಗೆ ತಾವೂ ಹೊರಟರು. ಇಷ್ಟು ಚುರುಕಿನ ಆಡಳಿತ ಇನ್ನೆಲ್ಲಿದೆ? ಅದುವರೆಗಿನ ದಾಖಲೆ 1827ರ ಜಾರ್ಜ್ ಕ್ಯಾನಿಂಗ್ ಅವರದು, 119 ದಿನ. ಅವರು ಪಾಪ, ಸತ್ತುಹೋಗಿದ್ದರು. ಅಮ್ಮನವರ ಕುರ್ಚಿ ಮೊದಲು ಹೋಗುತ್ತದೋ ಲೆಟಿಸ್ ಸೊಪ್ಪು ಮೊದಲು ಬಾಡುತ್ತದೋ ಅಂತ ಅಲ್ಲಿನ ಪತ್ರಿಕೆಯೊಂದು ಪಂದ್ಯ ಹೂಡಿ, ಸೊಪ್ಪೇ ಗೆದ್ದ ಕಥೆ ನಿಮಗೇ ಗೊತ್ತಿದೆ. ತಪ್ಪೆಲ್ಲ ಬ್ಯಾಂಕ್ ಆಫ್ ಇಂಗ್ಲೆಂಡಿನದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಾಗ ನೆಲದ ಪರವಾಗಿ ವಕಾಲತ್ತು ಹಾಕುವವರು ಯಾರೂ ಇರುವುದಿಲ್ಲ.

ಮಾನ ಹೋದರೂ ಭತ್ಯೆ ಹೋಗುವುದಿಲ್ಲ. ಥ್ಯಾಚರ್ ಇಳಿದ ಮೇಲೆ ಶುರುವಾದ ಏರ್ಪಾಡು ಅದು. ಮಾಜಿ ಪ್ರಧಾನಿಯ ಕಚೇರಿ ಖರ್ಚಿಗೆ ವರ್ಷಕ್ಕೆ 1,15,000 ಪೌಂಡಿನವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಮೇಲೆ. ಹತ್ತು ವರ್ಷ ಆಳಿದವರಿಗೂ ಅಷ್ಟೇ, ಮಂಡಲಕ್ಕೆ ಒಂದು ದಿನ ಮೇಲೆ ಆಳಿದವರಿಗೂ ಅಷ್ಟೇ. ಸಂಬಳವೇ ಅಂದರೆ ಅಲ್ಲ. ಪಿಂಚಣಿಯೇ ಅಂದರೆ ಅದೂ ಅಲ್ಲ, ಖರ್ಚು ತೋರಿಸಿ ಪಡೆಯುವ ಭತ್ಯೆ. ಅಳಿಯ ಅಲ್ಲ, ಮಗಳ ಗಂಡ.

ಅಳಿಯ ಅಂದ ಕೂಡಲೇ ನಮ್ಮ ರಿಷಿ ಸುನಕ್. 2022ರ ಅಕ್ಟೋಬರಿನಲ್ಲಿ ಲಂಡನ್ನಿನ ಗದ್ದುಗೆ ಜಯನಗರದ ಮನೆಗೇ ಬಂತು ಅನ್ನುವಂತೆ ಕುಣಿದವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ಅಳಿಯಂದಿರು 2024ರ ಮೇ ತಿಂಗಳಲ್ಲಿ ಕೊಡೆಯಿಲ್ಲದೆ ಸುರಿಯುವ ಮಳೆಯಲ್ಲಿ ನಿಂತು ಚುನಾವಣೆ ಘೋಷಿಸಿದರು. ನೆಗಡಿ ಬಂತೋ ಇಲ್ಲವೋ, ಸೋಲಂತೂ ಬಂತು. ಈಗ ಹುಡುಗನಾಗಿದ್ದಾಗ ದುಡಿದಿದ್ದ ಗೋಲ್ಡ್‌ಮನ್ ಸ್ಯಾಕ್ಸ್‌ಗೇ ಸಲಹೆಗಾರರು. ಸಂಬಳ ದಾನಕ್ಕೆ ಹೋಗುತ್ತದಂತೆ. ಮಾವನ ಮನೆ ಗಟ್ಟಿಯಾಗಿದ್ದರೆ ಧರ್ಮಬುದ್ಧಿ ಸುಲಭ.

ಇನ್ನೊಬ್ಬ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರೂನ್ ದೇಶ ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ ಜನಮತ ನಡೆಸಿ, ತಾವು ಇರಬೇಕು ಅಂದು ಸೋತು, ಮೈಕ್ ಇನ್ನೂ ಕಿವಿಗೊಟ್ಟಿದೆ ಅಂತ ಗೊತ್ತಿಲ್ಲದೆ ರಾಗ ಗುನುಗುತ್ತಾ ಮನೆಯೊಳಗೆ ಹೋದರು. ಆಮೇಲೆ 25,000 ಪೌಂಡಿಗೆ ಕುರುಬರ ಗಾಲಿಗುಡಿಸಲು ಕೊಂಡು ಅದರಲ್ಲಿ ಕೂತು ಆತ್ಮಕಥೆ ಬರೆದರು. ಅಲ್ಲಿ ಕುರಿ ಕಾದವರು ಯಾರೂ ಇಲ್ಲ.

ಬಾಕಿಯ ವಿಷಯ ಬಂದಾಗ ಬೆಂಗಳೂರು ಕ್ಲಬ್ಬಿನ ಲೆಡ್ಜರನ್ನು ಬಿಡುವುದು ಹೇಗೆ? 1899ರಲ್ಲಿ ‘ವಸೂಲಾಗದ ಬಾಕಿ’ ಅಂತ ಬರೆದು ಕೈತೊಳೆದುಕೊಂಡ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಹೆಸರಿದೆ. 13 ರೂಪಾಯಿ. ದಂಡಿನಲ್ಲಿದ್ದು ಪೋಲೊ ಆಡಿಕೊಂಡಿದ್ದ ಹುಡುಗ, ಲೆಕ್ಕ ಚುಕ್ತಾ ಮಾಡದೆ ಹೊರಟುಹೋದ. ಆ ಪುಟಕ್ಕೆ ಇವತ್ತು ಎಷ್ಟು ಮರ್ಯಾದೆ! ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ನಾನು 13 ರೂಪಾಯಿ ಉಳಿಸಿದ್ದಕ್ಕೆ ಶೆಟ್ಟರು ನನ್ನ ಹೆಂಡತಿಗೆ ಎರಡು ಸಲ ಹೇಳಿ ಕಳಿಸಿದರು. ಉಳಿಸುವುದಿದ್ದರೆ ದೊಡ್ಡವನಾಗುವವನೇ ಉಳಿಸಬೇಕು.

ಇದನ್ನು ಹೇಳಿ ನಾವೆಲ್ಲ ನಗುತ್ತೇವೆ. 1943ರ ಬಂಗಾಳದಲ್ಲಿ ಅನ್ನವಿಲ್ಲದೆ ಸತ್ತವರು 30 ಲಕ್ಷದವರೆಗೆ ಎಂಬ ಅಂದಾಜಿದೆ. ಆಗ ಪ್ರಧಾನಿಯಾಗಿದ್ದವರು ಇದೇ ಲೆಫ್ಟಿನೆಂಟರು. ಆ ಲೆಕ್ಕವನ್ನು ಯಾವ ಕ್ಲಬ್ಬೂ ಬರೆದಿಟ್ಟಿಲ್ಲ. ಹತ್ತು ವರ್ಷಕ್ಕೆ ಸಾಹಿತ್ಯದ ನೊಬೆಲ್ ಬಂತು.

ಮತ್ತೆ ಅಮ್ಮನವರಿಗೆ ಬರೋಣ. ಆ ಅಕ್ಟೋಬರಿನಲ್ಲಿ ಬ್ರಿಟನ್ನಿನ ಎರಡು ವರ್ಷದ ಗೃಹಸಾಲದ ಬಡ್ಡಿ ಶೇ 6 ದಾಟಿತು. ಅದೇ ತಿಂಗಳು ಸಾಲದ ಕರಾರು ಹೊಸದು ಮಾಡಿಕೊಳ್ಳಬೇಕಾಗಿ ಬಂದ ಬಸ್ ಡ್ರೈವರೋ ನರ್ಸಮ್ಮನೋ ಯಾರಿಗೆ ನೋಟಿಸು ಕೊಡಬೇಕಿತ್ತು? ಕೊಟ್ಟಿಲ್ಲ. ಕಂತು ಕಟ್ಟಿದ್ದಾರೆ, ಅಷ್ಟೆ. ಇದರಲ್ಲಿ ತಮಾಷೆ ಏನಾದರೂ ಇದೆಯೇ ಅಂತ ಹುಡುಕಿದೆ, ನನಗೆ ಸಿಗಲಿಲ್ಲ.

ಈ ಬರಹಕ್ಕೂ ಒಂದು ನೋಟಿಸು ಬಂದೀತು ಅಂತ ಹೆಂಡತಿ ಹೆದರಿಸುತ್ತಿದ್ದಾಳೆ. ಬರಲಿ. ಆ 13 ರೂಪಾಯಿ ತಂದವರಿಗೆ ಮಾತ್ರ ಬಾಗಿಲು ತೆಗೆಯುತ್ತೇನೆ.