ಆಲ್ಟ್‌ಗೆಲ್ಡ್ ಸೋತಿದ್ದು ಕ್ಷಮಾದಾನದಿಂದಲೇನಾ?

ಪ್ರತಿ ಮೇ ದಿನಕ್ಕೂ ಶಿಕಾಗೋದ ಹೇಮಾರ್ಕೆಟ್ ಕಥೆ ನಮ್ಮ ಫೇಸ್‌ಬುಕ್ ಗೋಡೆಗಳ ಮೇಲೆ ಓಡಾಡುತ್ತೆ. 1886ರಲ್ಲಿ ಅಲ್ಲಿನ ಕಾರ್ಮಿಕರ ಸಭೆಯಲ್ಲಿ ಯಾರೋ ಪೊಲೀಸರ ಮೇಲೆ ಬಾಂಬ್ ಎಸೆದರು, ಶಿಕ್ಷೆ ಬಿದ್ದಿದ್ದು ಕಾರ್ಮಿಕ ಹೋರಾಟಗಾರರಿಗೆ. 1887ರಲ್ಲಿ ಗಲ್ಲಿಗೇರಿದ ನಾಲ್ವರ ಚಿತ್ರ, ಒಂದಷ್ಟು ಘೋಷಣೆ, ಅಲ್ಲಿಗೆ ಮುಗೀತು. ಜೈಲಲ್ಲಿ ಉಳಿದಿದ್ದ ಮೂವರನ್ನು ಬಿಡಿಸಿದ ಇಲಿನಾಯ್ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಹೆಸರು ಬರೋದೇ ಅಪರೂಪ. ಬಂದರೂ ಒಂದೇ ಸಾಲು: ಕ್ಷಮಾದಾನ ಕೊಟ್ಟ, ರಾಜಕೀಯ ಜೀವನ ಕಳಕೊಂಡ. ಈ ಸಾಲಿನ ಬಗ್ಗೆಯೇ ನನ್ನ ತಕರಾರು.

ಗವರ್ನರ್ ಅಂದರೆ ನಮ್ಮ ರಾಜಭವನದವರ ಥರ ಅಲ್ಲ, ಜನರೇ ಆರಿಸಿ ಕೂರಿಸುವ ಹುದ್ದೆ. ಜರ್ಮನಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಒಹಾಯೋಗೆ ಬಂದ ರೈತನ ಮಗ 1892ರಲ್ಲಿ ಅದನ್ನು ಗೆದ್ದ. ಅಂತರ್ಯುದ್ಧದ ನಂತರ ಆ ರಾಜ್ಯದಲ್ಲಿ ಗೆದ್ದ ಮೊದಲ ಡೆಮಾಕ್ರಾಟ್ ಗವರ್ನರ್ ಈತ.

1893ರ ಜೂನ್ 26ಕ್ಕೆ ಫೀಲ್ಡನ್, ಶ್ವಾಬ್, ನೀಬೆಗೆ ಬಿಡುಗಡೆ. ಬರೀ ಬಿಟ್ಟಿದ್ದರೆ ಇಷ್ಟು ಗಲಾಟೆ ಆಗ್ತಿರಲಿಲ್ಲ. ಕರುಣೆ ತೋರಿಸಿ ಅಂತ ಶಿಕಾಗೋದ ದೊಡ್ಡ ಮನುಷ್ಯರೇ ಅರ್ಜಿ ಹಾಕಿದ್ದರು. 'ಸಾಕಷ್ಟು ಶಿಕ್ಷೆ ಆಗಿದೆ' ಅಂತ ಎರಡು ಸಾಲು ಗೀಚಿ ಸಹಿ ಹಾಕಬಹುದಿತ್ತು. ಅದರ ಬದಲು ಒಂದು ಪುಸ್ತಕದಷ್ಟು ಉದ್ದದ ಟಿಪ್ಪಣಿ ಬರೆದು, ವಿಚಾರಣೆಯನ್ನೇ ಕಟಕಟೆಗೆ ನಿಲ್ಲಿಸಿದ. ಪೆಟ್ಟಿಗೆಯಿಂದ ಚೀಟಿ ಎತ್ತಿ ಆರಿಸಬೇಕಿದ್ದ ಜ್ಯೂರಿಯನ್ನು ರೈಸ್ ಎಂಬ ಬೇಲಿಫ್ (ಕೋರ್ಟಿನ ಅಧಿಕಾರಿ) ತನಗೆ ಬೇಕಾದವರನ್ನೇ ಕರೆತಂದು ತುಂಬಿಸಿದ್ದ. ಬಾಂಬ್ ಎಸೆದವರು ಯಾರು ಅನ್ನೋದು ಸಾಬೀತೇ ಆಗಿರಲಿಲ್ಲ. ನ್ಯಾಯಾಧೀಶ ಗ್ಯಾರಿ ಪಕ್ಷಪಾತ ಮಾಡಿದ್ದ. ಎಲ್ಲಾ ದಾಖಲೆ ಸಮೇತ. ಸ್ವತಃ ನ್ಯಾಯಾಧೀಶನಾಗಿದ್ದವನಲ್ಲವೇ, ಎಲ್ಲಿ ಚುಚ್ಚಬೇಕು ಅಂತ ಗೊತ್ತಿತ್ತು. ಪತ್ರಿಕೆಗಳು ಮುಗಿಬಿದ್ದವು. ಇವನ ಮೈಯಲ್ಲಿ ಅಮೆರಿಕನ್ ರಕ್ತವೇ ಇಲ್ಲ ಅನ್ನೋವರೆಗೂ ಹೋಯಿತು ಶಿಕಾಗೋ ಟ್ರಿಬ್ಯೂನ್.

ಮರುವರ್ಷ ಪುಲ್‌ಮನ್ ರೈಲ್ವೆ ಮುಷ್ಕರ. ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಅದೇ ಪಕ್ಷದವನು, ರಾಜ್ಯವನ್ನು ಕೇಳದೆಯೇ ಫೆಡರಲ್ ಸೈನ್ಯ ಇಳಿಸಿದ. ಆಲ್ಟ್‌ಗೆಲ್ಡ್ ಟೆಲಿಗ್ರಾಂ ಕಳಿಸಿ ಜಗಳಕ್ಕೇ ನಿಂತ. ಆದರೆ ಆತನನ್ನು ಕಾರ್ಮಿಕರ ದೇವರು ಮಾಡೋರು ಇದನ್ನೂ ನೆನಪಿಡಲಿ: ಅದೇ ಮುಷ್ಕರಕ್ಕೆ ರಾಜ್ಯದ್ದೇ ಸಶಸ್ತ್ರ ಪಡೆಯಾದ ಮಿಲಿಷಿಯಾ ಕಳಿಸಿದವನೂ ಈತನೇ, ಆ ಪಡೆ ಗುಂಪಿನ ಮೇಲೆ ಗುಂಡೂ ಹಾರಿಸಿತು.

ಕ್ಲೀವ್‌ಲ್ಯಾಂಡ್ ಮೇಲೆ ಆಲ್ಟ್‌ಗೆಲ್ಡ್ ಸೇಡು ತೀರಿಸಿಕೊಂಡಿದ್ದು 1896ರಲ್ಲಿ. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಾಟರ ಶಿಕಾಗೋ ಸಮಾವೇಶದಲ್ಲಿ ಕ್ಲೀವ್‌ಲ್ಯಾಂಡ್ ಬಣವನ್ನು ಮೂಲೆಗೆ ತಳ್ಳಿದವರ ಮುಂಚೂಣಿಯಲ್ಲಿದ್ದ. ತಾನು ಅಧ್ಯಕ್ಷನಾಗುವ ಹಾಗಿರಲಿಲ್ಲ, ಹುಟ್ಟಿದ್ದು ಜರ್ಮನಿಯಲ್ಲಿ. ಅಭ್ಯರ್ಥಿಯಾದವನು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್.

ಆ ನವೆಂಬರ್‌ನಲ್ಲಿ ಮತ್ತೆ ಗವರ್ನರ್ ಸ್ಥಾನಕ್ಕೆ ನಿಂತ ಆಲ್ಟ್‌ಗೆಲ್ಡ್ ಸೋತ, ನಿಜ. ಆದರೆ ಇಲಿನಾಯ್‌ನಲ್ಲಿ ಬ್ರಯಾನ್‌ಗೂ ಸೋಲೇ. ಆ ರಾಜ್ಯದಲ್ಲಿ ಆಲ್ಟ್‌ಗೆಲ್ಡ್‌ಗೆ ಬಿದ್ದ ಮತ ಬ್ರಯಾನ್‌ಗಿಂತ ಜಾಸ್ತಿ! ಅಧ್ಯಕ್ಷನಾಗಿ ಗೆದ್ದ ರಿಪಬ್ಲಿಕನ್ ಮೆಕಿನ್ಲಿಯ ಅಲೆಯಲ್ಲಿ ಇಡೀ ಪಕ್ಷವೇ ಕೊಚ್ಚಿಹೋಗಿತ್ತು. ಕ್ಷಮಾದಾನದಿಂದ ಪೆಟ್ಟು ಬಿದ್ದಿಲ್ಲ ಅಂತಲ್ಲ, ಅದೊಂದೇ ಮುಳುಗಿಸಿತು ಅನ್ನೋದು ಸುಳ್ಳು. ಇನ್ನು 1899ರಲ್ಲಿ ಪಕ್ಷ ಬಿಟ್ಟು ಶಿಕಾಗೋ ಮೇಯರ್ ಸ್ಥಾನಕ್ಕೆ ನಿಂತು ಮೂರನೆಯವನಾದನಲ್ಲ, ಆ ಎಡವಟ್ಟು ಪೂರ್ತಿ ಆತನದೇ. ಅದನ್ನೂ ಹೇಮಾರ್ಕೆಟ್ ಲೆಕ್ಕಕ್ಕೆ ಬರೆಯೋದು ಬೇಡ.